ಎಂಜಿನ್ ಕುಡಿದ ಎಣ್ಣೆ ಎಲ್ಲಿ ಹೋಯಿತು?

ವಿಜಯಪುರದ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ ನವಲಗುಂದವನ್ನು ಹಾದು ಹುಬ್ಬಳ್ಳಿಗೆ ಬರುತ್ತದೆ. ಅಲ್ಲಿಂದ ಕಲಘಟಗಿಯ ಮೂಲಕ ಯಲ್ಲಾಪುರಕ್ಕೆ ಹೋಗಿ, ಅರಬೈಲ್ ಘಟ್ಟವನ್ನು ಇಳಿದು ಅಂಕೋಲಾ ಸೇರುತ್ತದೆ. ಹುಬ್ಬಳ್ಳಿಗೆ ಮೊದಲಿನ ಭಾಗ ಬೆಳವಲ: ಕಣ್ಣು ಹಾಯುವಷ್ಟು ದೂರ ಎರೆ ಭೂಮಿ, ಬೇಸಿಗೆಯಲ್ಲಿ ಧೂಳು. ನಂತರದ ಭಾಗ ಮಲೆನಾಡಿನ ಸೆರಗು: ಮಳೆ, ಏರು, ಇಳಿಜಾರು. ಅಣ್ಣಿಗೇರಿ ಮತ್ತು ಕುಂದಗೋಳದ ಬಹುಭಾಗ ಬೆಳವಲಕ್ಕೆ ಸೇರಿದ್ದರೆ, ಕಲಘಟಗಿ ಮಲೆನಾಡಿಗೆ ಹತ್ತಿರ. ಈ ದಾರಿಯಲ್ಲಿ ಓಡಾಡಿದ ಹಳೆಯ ಅಂಬಾಸಿಡರ್, ಫಿಯಟ್ ಮತ್ತು ಜೀಪುಗಳ ಮಾಲೀಕರಿಗೆಲ್ಲ ಚಿರಪರಿಚಿತವಾದ ದೂರು ಒಂದಿದೆ: "ಗಾಡಿ ಆಯಿಲ್ ಕುಡಿಯಾಕ ಹತ್ತೇತಿ." ಅದಕ್ಕೆ ಗ್ಯಾರೇಜಿನಲ್ಲಿ ಸಿಗುವ ಉತ್ತರವೂ ಅಷ್ಟೇ ಪರಿಚಿತ: "ಬೋರ್ ಹೋಗೇತ್ರಿ, ರಿಬೋರ್ ಮಾಡಸಬೇಕು."

ರಿಬೋರ್ ಎಂದರೆ ಸವೆದ ಸಿಲಿಂಡರನ್ನು ಇನ್ನಷ್ಟು ಕೊರೆದು ದೊಡ್ಡದು ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದು. ಕೆಲವು ಸಲ ಅದು ಸರಿಯಾದ ಉತ್ತರವೇ. ಆದರೆ ಒಮ್ಮೆ ಕೊರೆದು ತೆಗೆದ ಕಬ್ಬಿಣ ಮತ್ತೆ ಬರುವುದಿಲ್ಲ. ಸಾವಿರಾರು ರೂಪಾಯಿ ಸುರಿದು ರಿಬೋರ್ ಮಾಡಿಸಿದ ಮೇಲೂ ಅದೇ ನೀಲಿ ಹೊಗೆ ಹಿಂಬಾಲಿಸುವುದುಂಟು. ಎಣ್ಣೆ ಎಂಜಿನ್ನಿನಿಂದ ಹೊರಹೋಗಲು ಹಲವು ದಾರಿಗಳಿವೆ. ಒಂದೊಂದು ದಾರಿಯೂ ಎಂಜಿನ್ನಿನ ಚರಿತ್ರೆಯ ಒಂದೊಂದು ಘಟ್ಟದಲ್ಲಿ ತೆರೆದುಕೊಂಡದ್ದು. ಆದ್ದರಿಂದ ಹಳೆಯ ಕಾರಿನ ರೋಗ ಪತ್ತೆ ಮಾಡುವವರು ಅದರ ಹುಟ್ಟಿದ ವರ್ಷವನ್ನು ಮೊದಲು ಕೇಳಿದರೆ ಒಳ್ಳೆಯದು.

ಹನಿಯ ಲೆಕ್ಕ

ಎಂಜಿನ್ ಸ್ವಲ್ಪವೂ ಎಣ್ಣೆ ಸುಡಬಾರದೆಂದು ಹೇಳುವುದು ತಪ್ಪು. ಸಿಲಿಂಡರಿನ ಗೋಡೆಯ ಮೇಲೆ ಎಣ್ಣೆಯ ತೆಳುಪದರ ಇದ್ದರೆ ಮಾತ್ರ ಪಿಸ್ಟನ್ ಉಜ್ಜಿ ಹಾಳಾಗದೆ ಚಲಿಸುತ್ತದೆ. ಆ ಪದರದ ಮೇಲೆ ಪೆಟ್ರೋಲು ಉರಿದಾಗ ಎಣ್ಣೆಯ ಒಂದಂಶ ಉರಿಯಲೇಬೇಕು. ಎಷ್ಟು ಎಂಬುದೇ ಪ್ರಶ್ನೆ.

ಸಾವಿರ ಕಿ.ಮೀ.ಗೆ ಒಂದು ಲೀಟರ್ ಎಣ್ಣೆ ತಿನ್ನುವ ಅಂಬಾಸಿಡರನ್ನು ತೆಗೆದುಕೊಳ್ಳೋಣ. ಅದರ 1489 ಘನ ಸೆಂ.ಮೀ. ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು; ಒಂದೊಂದರ ವ್ಯಾಸ ಸುಮಾರು 73 ಮಿ.ಮೀ., ಪಿಸ್ಟನ್ನಿನ ಓಟ ಸುಮಾರು 89 ಮಿ.ಮೀ. ಟಾಪ್ ಗೇರಿನಲ್ಲಿ ಒಂದು ಕಿ.ಮೀ. ಸಾಗಲು ಎಂಜಿನ್ ಸುಮಾರು 2400 ಸುತ್ತು ತಿರುಗುತ್ತದೆ ಎಂದು ಹಿಡಿಯೋಣ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರ್ ಗಾಳಿ ಹೀರುತ್ತದೆ. ಅಂದರೆ ಕಿ.ಮೀ.ಗೆ ನಾಲ್ಕೂ ಸಿಲಿಂಡರ್ ಸೇರಿ 4800 ಹೀರಿಕೆ, ಸಾವಿರ ಕಿ.ಮೀ.ಗೆ 48 ಲಕ್ಷ. ಒಂದು ಲೀಟರ್ ಎಂದರೆ 10 ಲಕ್ಷ ಘನ ಮಿ.ಮೀ. ಭಾಗಿಸಿದರೆ ಹೀರಿಕೆಯೊಂದಕ್ಕೆ ಬರುವುದು ಸುಮಾರು 0.2 ಘನ ಮಿ.ಮೀ. ಸಾಧಾರಣ ಹನಿಯೊಂದನ್ನು 250 ಭಾಗ ಮಾಡಿದರೆ ಅದರಲ್ಲಿ ಒಂದು ಪಾಲು! ಪಿಸ್ಟನ್ ಉಜ್ಜುವ ಗೋಡೆಯ ವಿಸ್ತೀರ್ಣ ಸುಮಾರು 20,400 ಚದರ ಮಿ.ಮೀ. ಅಷ್ಟು ಜಾಗಕ್ಕೆ ಈ 0.2 ಘನ ಮಿ.ಮೀ. ಎಣ್ಣೆಯನ್ನು ಹರಡಿದರೆ ಪದರದ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗ, ಅಂದರೆ ಸುಮಾರು 10 ನ್ಯಾನೊಮೀಟರ್. ಇಷ್ಟು ಸೂಕ್ಷ್ಮವಾದ ಸೋರಿಕೆಯನ್ನು ಕಣ್ಣಿನ ಅಂದಾಜಿನಿಂದ ಹಿಡಿಯುತ್ತೇವೆಂದರೆ ಯಾರು ನಂಬುತ್ತಾರೆ?

ಹಳೆಯ ಎಂಜಿನ್ನಿಗೆ ಈ ಪ್ರಮಾಣವನ್ನು ಸಹಿಸಬಹುದು. 300 ಕಿ.ಮೀ.ಗೆ ಒಂದು ಲೀಟರ್ ಎಂಬಲ್ಲಿಗೆ ಬಂದರೆ ಪತ್ತೆ ಮಾಡಲೇಬೇಕು. ಈ ಅಂಕಿಗಳಿಗಿಂತಲೂ ಮುಖ್ಯವಾದದ್ದು ಬದಲಾವಣೆ. ಹತ್ತು ವರ್ಷ ಒಂದೇ ಪ್ರಮಾಣದಲ್ಲಿ ಎಣ್ಣೆ ತಿಂದ ಗಾಡಿ ಒಂದೇ ತಿಂಗಳಲ್ಲಿ ಎರಡು ಪಟ್ಟು ತಿಂದರೆ ಕಾರಣ ಮುಪ್ಪಲ್ಲ.

ಹೊಗೆಯೇ ಸಹಜವಾಗಿದ್ದ ಕಾಲ

ಮೊದಲ ಕಾರುಗಳಲ್ಲಿ ಎಣ್ಣೆ ಖರ್ಚಾಗುವುದು ದೋಷವಾಗಿರಲಿಲ್ಲ, ಅದು ವಿನ್ಯಾಸವೇ ಆಗಿತ್ತು. ಎಣ್ಣೆ ಹನಿಹನಿಯಾಗಿ ಬೇರಿಂಗುಗಳಿಗೆ ಇಳಿದು, ಕೆಲಸ ಮುಗಿಸಿ, ಉರಿದೋ ಸೋರಿಯೋ ಹೋಗುತ್ತಿತ್ತು. ಚಾಲಕನ ಮುಂದೆ ಗಾಜಿನ ನಳಿಗೆ. ಅದರಲ್ಲಿ ಬೀಳುವ ಹನಿಗಳನ್ನು ಆತ ನೋಡಿಕೊಳ್ಳಬೇಕು. ಹಿಂದೆ ನೀಲಿ ಹೊಗೆ ಕಾಣದಿದ್ದರೇ ಆತನಿಗೆ ಆತಂಕ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರು ಎಣ್ಣೆಯನ್ನು ಒಳಗೇ ಚಿಮ್ಮಿಸಿ ಮತ್ತೆ ಮತ್ತೆ ಬಳಸುತ್ತಿತ್ತಾದರೂ ಅದಕ್ಕೆ ಡಿಪ್‌ಸ್ಟಿಕ್ ಇರಲಿಲ್ಲ. ಎಂಜಿನ್ನಿನ ತಳದಲ್ಲಿ ಒಂದರ ಮೇಲೊಂದು ಎರಡು ಪುಟ್ಟ ನಲ್ಲಿಗಳಿದ್ದವು. ಕಾರಿನ ಅಡಿ ತೂರಿ ಅವನ್ನು ತಿರುಗಿಸಿ, ಎಣ್ಣೆಯ ಮಟ್ಟ ಅವೆರಡರ ನಡುವೆ ಇದೆಯೇ ಎಂದು ನೋಡಬೇಕಾಗಿತ್ತು.

ಪಿಸ್ಟನ್ ರಿಂಗ್ ಕಾರಿಗಿಂತ ಹಳೆಯದು. ಉಗಿ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ಸುತ್ತ ನಾರನ್ನು ಕೊಬ್ಬಿನಲ್ಲಿ ಅದ್ದಿ ಸುತ್ತುತ್ತಿದ್ದರು. ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ 1850ರ ದಶಕದಲ್ಲಿ ಅದರ ಬದಲು ಒಂದು ಕಡೆ ಸೀಳಿದ ಲೋಹದ ಉಂಗುರವನ್ನು ಬಳಕೆಗೆ ತಂದ. ಉಂಗುರ ತನ್ನ ಸ್ಪ್ರಿಂಗ್ ಗುಣದಿಂದಲೇ ಗೋಡೆಗೆ ಒತ್ತಿ ನಿಲ್ಲುತ್ತದೆ. ಆದರೆ ಅದು ಅನಿಲವನ್ನು ತಡೆಯಲು ಹುಟ್ಟಿದ್ದು, ಎಣ್ಣೆಯನ್ನಲ್ಲ. ಗೋಡೆಯ ಮೇಲಿನ ಹೆಚ್ಚುವರಿ ಎಣ್ಣೆಯನ್ನು ಕೆರೆದು ಕೆಳಕ್ಕೆ ಕಳಿಸುವ, ಸೀಳುಗಂಡಿಗಳಿರುವ ಆಯಿಲ್ ರಿಂಗ್ ಬೇರೆಯೇ ವಸ್ತು. ಅದು ಬಂದದ್ದು ಬಹಳ ತಡವಾಗಿ. ಮೇಲಿನ ರಿಂಗುಗಳ ಕೆಲಸ ಒಂದು, ಕೆಳಗಿನದರ ಕೆಲಸ ಇನ್ನೊಂದು. ಈ ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಇದೇ ನಮ್ಮನ್ನು ದಾರಿ ತಪ್ಪಿಸಲಿದೆ.

ಎಣ್ಣೆಯ ಹೊಗೆ ಜೀವ ತೆಗೆಯಬಲ್ಲದೆಂದು ತೋರಿಸಿದ್ದು ಮೊದಲ ಮಹಾಯುದ್ಧ. 1916ರ ಸೆಪ್ಟೆಂಬರಿನಲ್ಲಿ ಸೊಮ್ ರಣರಂಗಕ್ಕೆ ಇಳಿದ ಬ್ರಿಟಿಷ್ ಟ್ಯಾಂಕುಗಳಲ್ಲಿ 105 ಅಶ್ವಶಕ್ತಿಯ ಡೈಮ್ಲರ್ ಎಂಜಿನ್ನುಗಳಿದ್ದವು. ಇವು ಅಮೆರಿಕದ ಚಾರ್ಲ್ಸ್ ನೈಟ್ ರೂಪಿಸಿದ ತೋಳುಕವಾಟದ ಬಗೆಯವು. ಪಿಸ್ಟನ್ ಮತ್ತು ಸಿಲಿಂಡರುಗಳ ನಡುವೆ ಜಾರುವ ಕೊಳವೆಗಳೇ ಇವುಗಳಲ್ಲಿ ಕವಾಟಗಳು. ಸದ್ದು ಬಹಳ ಕಡಿಮೆ. ಆದ್ದರಿಂದಲೇ ಶ್ರೀಮಂತರ ಕಾರುಗಳಲ್ಲಿ ಅದಕ್ಕೆ ಬೇಡಿಕೆಯಿತ್ತು. ಆದರೆ ಜಾರುವ ಮೇಲ್ಮೈ ಹೆಚ್ಚಾದಷ್ಟೂ ಎಣ್ಣೆ ಹೆಚ್ಚು ಬೇಕು, ಹೊಗೆಯೂ ಹೆಚ್ಚು. ಹಳ್ಳದ ಮರೆಯಲ್ಲಿ ನಿಂತ ಟ್ಯಾಂಕ್ ಎಂಜಿನ್ನಿಗೆ ವೇಗ ಕೊಟ್ಟೊಡನೆ ಮೇಲೆದ್ದ ಹೊಗೆ ಅದರ ಜಾಗವನ್ನು ಶತ್ರುವಿಗೆ ತೋರಿಸಿಕೊಡುತ್ತಿತ್ತು. ಇದನ್ನು ಸರಿಪಡಿಸಲು ಹ್ಯಾರಿ ರಿಕಾರ್ಡೊ ಎಂಬ ತರುಣ ಎಂಜಿನಿಯರನನ್ನು ಕೇಳಲಾಯಿತು. ಆತ ಎಣ್ಣೆ ಮೇಲೇರುವ ದಾರಿಯನ್ನೇ ಕಡಿದ. ಪಿಸ್ಟನ್ನಿನ ಪಕ್ಕದ ಒತ್ತಡವನ್ನು ಹೊರಲು ಕೆಳಗೆ ಬೇರೆಯದೇ ಜಾರುಭಾಗವನ್ನಿಟ್ಟು, ಎಣ್ಣೆಯ ಎರಚಲು ಪಿಸ್ಟನ್ನಿಗೆ ತಲುಪದಂತೆ ಮಾಡಿದ. 150 ಅಶ್ವಶಕ್ತಿಯ ಈ ಎಂಜಿನ್ 1918ರ ಮಾರ್ಕ್ 5 ಟ್ಯಾಂಕುಗಳಲ್ಲಿ ಬಂತು. "ಎಣ್ಣೆ ಯಾಕೆ ಉರಿಯುತ್ತದೆ" ಎಂದು ಕೇಳುವ ಬದಲು "ಯಾವ ದಾರಿಯಿಂದ ಬರುತ್ತದೆ" ಎಂದು ಕೇಳಿದ್ದು ರಿಕಾರ್ಡೊನ ಜಾಣತನ.

ಕವಾಟ ಮೇಲೇರಿದಾಗ

ನಮ್ಮ ನಾಡಿನ ಕಾರುಗಳಿಗೆ ಬರೋಣ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಭಾರತದಲ್ಲಿ ಮೋಟಾರು ಕಾರ್ಖಾನೆಗೆ ಯೋಜನೆ ರೂಪಿಸಿದ್ದರು. ಆ ಪ್ರಯತ್ನದಲ್ಲಿ ಜೊತೆಗಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಫಿಯಟ್ 1100, ಮುಂದೆ ಪದ್ಮಿನಿ ಎಂದು ಹೆಸರಾದ ಕಾರು, ಬಂದದ್ದು ಅಲ್ಲಿಂದ. ಹಿಂದೂಸ್ತಾನ್ ಮೋಟಾರ್ಸ್ 1957-58ರಲ್ಲಿ ಅಂಬಾಸಿಡರನ್ನು ಹೊರತಂದಿತು. ಅದರ ತಯಾರಿಕೆ 2014ರವರೆಗೂ ನಡೆಯಿತು. ಜೀಪುಗಳನ್ನು 1940ರ ದಶಕದ ಕೊನೆಯಿಂದ ಮಹೀಂದ್ರ ಜೋಡಿಸತೊಡಗಿತ್ತು.

ಅಂಬಾಸಿಡರಿನ ಹೊರ ರೂಪ ದಶಕಗಟ್ಟಲೆ ಬದಲಾಗಲಿಲ್ಲವೆಂದು ನಾವೆಲ್ಲ ತಮಾಷೆ ಮಾಡುತ್ತೇವೆ. ಒಳಗೆ ಮಾತ್ರ 1959ರಲ್ಲೇ ಒಂದು ದೊಡ್ಡ ಬದಲಾವಣೆಯಾಯಿತು. ಮೊದಲ ಅಂಬಾಸಿಡರುಗಳಲ್ಲಿದ್ದದ್ದು 1476 ಘನ ಸೆಂ.ಮೀ.ನ ಪಾರ್ಶ್ವಕವಾಟದ ಎಂಜಿನ್. ಅದರಲ್ಲಿ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿ ತಲೆ ಮೇಲಾಗಿ ನಿಂತಿರುತ್ತವೆ. ಅವುಗಳ ಕಾಂಡ ಜಾರುವ ಗೈಡ್ ಕೆಳಗಡೆ ಇರುವುದರಿಂದ ಎಣ್ಣೆ ಗುರುತ್ವದ ವಿರುದ್ಧ ಮೇಲೇರಬೇಕು. 1489 ಘನ ಸೆಂ.ಮೀ.ನ ಹೊಸ ಎಂಜಿನ್ನಿನಲ್ಲಿ ಕವಾಟಗಳು ಸಿಲಿಂಡರಿನ ನೆತ್ತಿಗೆ ಏರಿದವು. ಅವನ್ನು ಒತ್ತುವ ರಾಕರ್ ತೋಳುಗಳಿಗೂ ಎಣ್ಣೆ ಬೇಕಾದ್ದರಿಂದ ಎಣ್ಣೆಯೂ ಅಲ್ಲಿಗೆ ಏರಿತು. ಈಗ ಎಣ್ಣೆ ಮೇಲೆ, ಗೈಡ್ ಕೆಳಗೆ, ಅದರ ಕೆಳಗೆ ಗಾಳಿ ಹೀರುವ ದಾರಿ. ಶಕ್ತಿ ಹೆಚ್ಚಿತು, ಜೊತೆಗೆ ಎಣ್ಣೆಗೆ ಹೊಸ ಬಾಗಿಲೊಂದು ತೆರೆಯಿತು. ಮಹೀಂದ್ರ ಜೀಪಿನ ಹರಿಕೇನ್ ಎಂಜಿನ್ನಿನದು ಇವೆರಡರ ನಡುವಿನ ದಾರಿ: ಗಾಳಿ ಒಳಬರುವ ಕವಾಟ ಮೇಲೆ, ಹೊಗೆ ಹೊರಹೋಗುವ ಕವಾಟ ಪಕ್ಕದಲ್ಲಿ.

ಕಲಘಟಗಿಯ ಕಡೆಯ ಇಳಿಜಾರು ನಮಗೆ ಇಲ್ಲಿ ಪ್ರಯೋಗಶಾಲೆಯಾಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಇಳಿಯುವಾಗ ಕಾರ್ಬುರೇಟರಿನ ಕದ ಮುಚ್ಚಿರುತ್ತದೆ, ಎಂಜಿನ್ ಮಾತ್ರ ತಿರುಗುತ್ತಲೇ ಇರುತ್ತದೆ. ಆಗ ಗಾಳಿದಾರಿಯಲ್ಲಿ ಒತ್ತಡ ಬಹಳ ಕುಸಿಯುತ್ತದೆ. ಸವೆದ ಗೈಡಿನ ಸಂದಿನಿಂದ ಎಣ್ಣೆಯನ್ನು ಹೀರಲು ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ತಗ್ಗು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಸೈಲೆನ್ಸರಿನಿಂದ ನೀಲಿ ಹೊಗೆಯ ಒಂದು ಮುದ್ದೆ ಹೊರಬಂದು ನಿಂತುಹೋದರೆ ಮೊದಲ ಸಂದೇಹ ಗೈಡಿನ ಮೇಲೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಚಾಲೂ ಮಾಡಿದೊಡನೆ ಒಂದು ಗಳಿಗೆ ಹೊಗೆಯಾಡಿ ಸುಮ್ಮನಾದರೂ ಅದೇ ಅರ್ಥ: ಎಣ್ಣೆ ನಿಧಾನವಾಗಿ ಕಾಂಡಗುಂಟ ಇಳಿದಿದೆ. ಅದೇ ಏರುದಾರಿಯಲ್ಲಿ ಎಂಜಿನ್ ದುಡಿಯುವಾಗ ಹೊಗೆ ಎಡೆಬಿಡದೆ ಬರುತ್ತಿದ್ದರೆ ರಿಂಗುಗಳ ಕಡೆ ನೋಡಬೇಕು. ಇದನ್ನು ನೋಡಲು ಹಿಂದಿನ ಗಾಡಿಯಲ್ಲಿ ಒಬ್ಬ ಗೆಳೆಯನಿದ್ದರೆ ಸಾಕು.

ಗೈಡ್ ಬದಲಿಸುವುದು ಸಿಲಿಂಡರಿನ ತಲೆಯನ್ನಷ್ಟೇ ಬಿಚ್ಚಿ ಮಾಡುವ ಕೆಲಸ, ರಿಬೋರಿಗಿಂತ ಸಾಕಷ್ಟು ಅಗ್ಗ. ಒಂದು ಎಚ್ಚರಿಕೆ ಇದೆ. ಅಂಬಾಸಿಡರಿನ ಈ ಎಂಜಿನ್ನಿನಲ್ಲಿ 1 ಮತ್ತು 2ನೆಯ ಸಿಲಿಂಡರುಗಳಿಗೆ ಗಾಳಿದಾರಿ ಒಂದೇ, 3 ಮತ್ತು 4ನೆಯವಕ್ಕೆ ಇನ್ನೊಂದು. ಆದ್ದರಿಂದ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಿದಾಗ ಅಕ್ಕಪಕ್ಕದ ಎರಡು ಪ್ಲಗ್ಗುಗಳು ಎಣ್ಣೆಯಿಂದ ತೊಯ್ದಿದ್ದರೆ ಎರಡೂ ಗೈಡುಗಳು ಕೆಟ್ಟಿವೆಯೆಂದೇನೂ ಅಲ್ಲ. ಒಂದರ ತಪ್ಪಿಗೆ ನೆರೆಮನೆಯೂ ಕೊಳೆಯಾಗಿರಬಹುದು.

ಬೆಳವಲದ ಧೂಳು

ಇದೇ ಕಾರು ನವಲಗುಂದ, ಅಣ್ಣಿಗೇರಿಗಳ ಕಡೆ ತಿರುಗಾಡಿದ್ದರೆ ಸಂದೇಹ ಬೇರೆ ಕಡೆ ಹೊರಳುತ್ತದೆ.

ಲೀಟರಿಗೆ ಹತ್ತು ಕಿ.ಮೀ. ಓಡುವ ಕಾರು ಒಂದು ಕಿ.ಮೀ.ಗೆ ಸುಮಾರು 75 ಗ್ರಾಂ ಪೆಟ್ರೋಲು ಸುಡುತ್ತದೆ. ಪೆಟ್ರೋಲಿನ ತೂಕದ ಸುಮಾರು 15 ಪಟ್ಟು ಗಾಳಿ ಬೇಕು. ಅಂದರೆ ಕಿ.ಮೀ.ಗೆ ಹೆಚ್ಚುಕಡಿಮೆ ಒಂದು ಘನ ಮೀಟರ್ ಗಾಳಿ. ಆ ಗಾಳಿಯಲ್ಲಿ ಏನೇನಿದೆಯೋ ಅದೆಲ್ಲ ಎಂಜಿನ್ನಿನ ಬಾಗಿಲಿಗೆ ಬರುತ್ತದೆ. ಎರೆಮಣ್ಣಿನ ಜೇಡಿ ಕಣಗಳು ಮೃದು. ಕಬ್ಬಿಣವನ್ನು ಕೆರೆಯುವ ನಿಜವಾದ ವೈರಿ ಅದರೊಡನೆ ಬೆರೆತ, ಗರಸು ಮತ್ತು ಜಲ್ಲಿಯ ರಸ್ತೆಗಳಿಂದೇಳುವ ಬೆಣಚುಕಲ್ಲಿನ ಪುಡಿ. ಮೋಸ್ ಗಡಸುತನದ ಮಾಪನದಲ್ಲಿ ಬೆಣಚುಕಲ್ಲು 7ರಲ್ಲಿ ನಿಲ್ಲುತ್ತದೆ, ಸಿಲಿಂಡರಿನ ಎರಕದ ಕಬ್ಬಿಣ ಅದಕ್ಕಿಂತ ಕೆಳಗೆ.

ಈ ಪಾಠವನ್ನು ಜಗತ್ತು ಕಲಿತದ್ದೂ ಹೊಲದಲ್ಲೇ. ಅಮೆರಿಕದಲ್ಲಿ ಟ್ರ್ಯಾಕ್ಟರ್ ಮಾರುತ್ತಿದ್ದ ಫ್ರಾಂಕ್ ಡೊನಾಲ್ಡ್‌ಸನ್, ತಾನು ಮಾರಿದ ಟ್ರ್ಯಾಕ್ಟರಿನ ಎಂಜಿನ್ ಧೂಳಿನಿಂದಾಗಿ ಬೇಗ ಸವೆದದ್ದನ್ನು ಕಂಡು 1915ರಲ್ಲಿ ಅದಕ್ಕೊಂದು ಗಾಳಿಶೋಧಕವನ್ನು ಮಾಡಿದ. ಅದಕ್ಕೂ ಮೊದಲು ಟ್ರ್ಯಾಕ್ಟರುಗಳು ಧೂಳನ್ನು ನೇರವಾಗಿಯೇ ನುಂಗುತ್ತಿದ್ದವು. ಮುಂದೆ ಜೀಪು, ಟ್ರ್ಯಾಕ್ಟರ್ ಮತ್ತು ಆ ಕಾಲದ ಹಲವು ಕಾರುಗಳಲ್ಲಿ ಬಂದದ್ದು ಎಣ್ಣೆ ತೊಟ್ಟಿಯ ಶೋಧಕ. ಗಾಳಿ ರಭಸದಿಂದ ಕೆಳಗಿಳಿದು, ತೊಟ್ಟಿಯಲ್ಲಿನ ಎಣ್ಣೆಯ ಮೇಲೆ ಥಟ್ಟನೆ ತಿರುಗಿ ಮೇಲೇರುತ್ತದೆ. ಗಾಳಿ ಹಗುರ, ತಿರುಗಿಬಿಡುತ್ತದೆ. ಕಣಗಳು ಜಡತ್ವದಿಂದ ನೇರ ಹೋಗಿ ಎಣ್ಣೆಯಲ್ಲಿ ಸಿಕ್ಕಿಬೀಳುತ್ತವೆ. ನ್ಯೂಟನ್ನನ ಮೊದಲ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಯಲ್ಲಿ ಸಿಗುವುದು ಕಷ್ಟ. ಆದರೆ ಆ ತೊಟ್ಟಿಯ ಎಣ್ಣೆಯನ್ನು ಬದಲಿಸದೆ ಬಿಟ್ಟರೆ ಅದು ಕೆಸರಾಗಿ, ಶೋಧಕ ಹೆಸರಿಗಷ್ಟೇ ಉಳಿಯುತ್ತದೆ. ಸುಗ್ಗಿಯಲ್ಲಿ ಒಕ್ಕಲು ಮಾಡಲೆಂದು ರಸ್ತೆಯ ಮೇಲೆ ಬೆಳೆ ಹರಡುತ್ತಾರಲ್ಲ, ಅದರ ಹೊಟ್ಟು ಶೋಧಕದ ಜಾಲರಿಯನ್ನು ಕಟ್ಟುವುದೂ ಉಂಟು. ಗಾಡಿ ಎಳೆಯುವುದಿಲ್ಲವೆಂದು ಕೆಲವರು ಆಗ ಶೋಧಕವನ್ನೇ ತೆಗೆದು ಬದಿಗಿಡುತ್ತಾರೆ. ಎಂಜಿನ್ನಿಗೆ ಇದಕ್ಕಿಂತ ದೊಡ್ಡ ಕೇಡು ಇಲ್ಲ.

ಧೂಳು ತನ್ನ ಬರವಣಿಗೆಯನ್ನು ಒಳಗೆ ಬಿಟ್ಟಿರುತ್ತದೆ. ಗಾಳಿಯ ಜೊತೆ ಮೇಲಿನಿಂದ ಬಂದ ಧೂಳು ಎಲ್ಲಕ್ಕಿಂತ ಮೇಲಿನ ರಿಂಗನ್ನೂ ಸಿಲಿಂಡರಿನ ಮೇಲ್ಭಾಗವನ್ನೂ ಹೆಚ್ಚು ಸವೆಸುತ್ತದೆ. ಎಣ್ಣೆಯಲ್ಲೇ ಕೊಳೆ ಸೇರಿದ್ದರೆ ಕೆಳಗಿನ ರಿಂಗು ಮತ್ತು ಬೇರಿಂಗುಗಳು ಹೆಚ್ಚು ಸವೆಯುತ್ತವೆ. ತಲೆ ಬಿಚ್ಚಿದ ಮೇಲೆ ಸಿಲಿಂಡರಿನ ಬಾಯಿಯ ಹತ್ತಿರ ಉಗುರಿಗೆ ತಾಗುವ ಒಂದು ಮೆಟ್ಟಿಲು ಸಿಗುತ್ತದೆ. ರಿಂಗ್ ತಲುಪದ ಜಾಗ ಅದು, ಅಲ್ಲಿ ಸವೆತವಿಲ್ಲ.

ಆ ಮೆಟ್ಟಿಲಿನ ಕೆಳಗೆ ಎಷ್ಟು ಸವೆದಿದೆಯೆಂದು ಅಳೆಯಲು ಬೆಲೆಬಾಳುವ ಬೋರ್ ಗೇಜ್ ಬೇಕೆಂದಿಲ್ಲ. ಒಂದು ರಿಂಗನ್ನು ಪಿಸ್ಟನ್ನಿನಿಂದ ಕಳಚಿ ಸಿಲಿಂಡರಿನೊಳಗೆ ಸಮನಾಗಿ ಇಟ್ಟು, ಅದರ ಸೀಳಿನ ಅಂತರವನ್ನು ಫೀಲರ್ ಗೇಜಿನಿಂದ ಅಳೆಯಿರಿ. ಮೊದಲು ರಿಂಗ್ ಓಡಾಡದ ಕೆಳಭಾಗದಲ್ಲಿ, ಆಮೇಲೆ ಮೇಲ್ಭಾಗದಲ್ಲಿ ಮೆಟ್ಟಿಲಿನ ಸ್ವಲ್ಪ ಕೆಳಗೆ. ಕೆಳಗೆ 0.4 ಮಿ.ಮೀ., ಮೇಲೆ 1.2 ಮಿ.ಮೀ. ಬಂತೆನ್ನಿ. ವ್ಯತ್ಯಾಸ 0.8 ಮಿ.ಮೀ. ಇದು ಪರಿಧಿಯಲ್ಲಿನ ಹೆಚ್ಚಳ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸದ ಹೆಚ್ಚಳ ಸಿಗುತ್ತದೆ: ಸುಮಾರು 0.25 ಮಿ.ಮೀ. ಈ ಗಾತ್ರದ ಕಾರಿನ ಎಂಜಿನ್ನಿಗೆ ಇಷ್ಟು ಸವೆತ ಬಂದಿದ್ದರೆ "ಬೋರ್ ಹೋಗೇತಿ" ಎಂಬ ಮಾತು ನಿಜ. 0.05 ಮಿ.ಮೀ. ಬಂದರೆ ಆ ಮಾತನ್ನು ಒಪ್ಪಬೇಡಿ. ಎಂಟನೆಯ ತರಗತಿಯ ಗಣಿತ ಇಲ್ಲಿ ಒಂದು ಎಂಜಿನ್ನನ್ನು ಉಳಿಸುತ್ತದೆ.

ಮಾಪಕದ ಮಾತನ್ನು ಎತ್ತರ ತಿದ್ದಬೇಕು

ಎಂಜಿನ್ ಬಿಚ್ಚದೆಯೇ ಒಳಗಿನ ಸ್ಥಿತಿ ತಿಳಿಯಲು ಸಂಪೀಡನ ಪರೀಕ್ಷೆ ಇದೆ. ಎಂಜಿನ್ ಬಿಸಿಯಾದ ಮೇಲೆ ಎಲ್ಲ ಪ್ಲಗ್ಗುಗಳನ್ನು ತೆಗೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಒಂದೊಂದೇ ಸಿಲಿಂಡರಿಗೆ ಒತ್ತಡ ಮಾಪಕ ಹಿಡಿದು ಸ್ಟಾರ್ಟರಿನಿಂದ ತಿರುಗಿಸುತ್ತಾರೆ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದೆರಡು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯುತ್ತಾರೆ. ಎಣ್ಣೆ ರಿಂಗುಗಳ ಸುತ್ತ ನಿಂತು ಸಂದನ್ನು ಮುಚ್ಚುವುದರಿಂದ ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ಕವಾಟದ್ದು.

ಮಾಪಕದಲ್ಲಿ ಬಂದ ಅಂಕಿಯನ್ನು ಕೈಪಿಡಿಯ ಅಂಕಿಯೊಡನೆ ಹೋಲಿಸುವಾಗ ಒಂದು ತಪ್ಪು ಆಗುತ್ತದೆ. ಕೈಪಿಡಿಗಳ ಅಂಕಿಗಳನ್ನು ಸಾಮಾನ್ಯವಾಗಿ ಸಮುದ್ರಮಟ್ಟದ ಗಾಳಿಯನ್ನು ಹಿಡಿದು ಓದಬೇಕು. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ, ಹುಬ್ಬಳ್ಳಿ ಅದಕ್ಕಿಂತ ಸ್ವಲ್ಪ ತಗ್ಗು. ಈ ಎತ್ತರದಲ್ಲಿ ವಾತಾವರಣದ ಒತ್ತಡ ಸಮುದ್ರಮಟ್ಟದ್ದರ ಶೇ. 92ರಷ್ಟು. ಅಂಕೋಲೆಯಲ್ಲಿ ಚದರ ಅಂಗುಲಕ್ಕೆ 130 ಪೌಂಡ್ ತೋರಿಸುವ ಆರೋಗ್ಯವಂತ ಸಿಲಿಂಡರ್ ಧಾರವಾಡದಲ್ಲಿ ಸುಮಾರು 120 ಮಾತ್ರ ತೋರಿಸುತ್ತದೆ. ಗಾಳಿದಾರಿಯ ನಿರ್ವಾತವನ್ನು ಅಳೆಯುವ ಮಾಪಕಕ್ಕೂ ಇದೇ ತಿದ್ದುಪಡಿ. ಆರೋಗ್ಯವಂತ ಎಂಜಿನ್ ನಿಂತಲ್ಲೇ ಓಡುವಾಗ ಸಮುದ್ರಮಟ್ಟದಲ್ಲಿ ಪಾದರಸದ 17ರಿಂದ 21 ಅಂಗುಲ ತೋರಿಸಿದರೆ, ನಮ್ಮಲ್ಲಿ ಎರಡಕ್ಕಿಂತ ತುಸು ಹೆಚ್ಚು ಅಂಗುಲ ಕಡಿಮೆ ಬರುವುದು ಸಹಜ. ಇದು ಗೊತ್ತಿಲ್ಲದವರು ಒಳ್ಳೆಯ ಎಂಜಿನ್ನಿಗೆ ಮರಣಪತ್ರ ಬರೆದುಬಿಡುತ್ತಾರೆ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇ ಹೆಚ್ಚು ನಂಬಲರ್ಹ ಸಾಕ್ಷಿ; ಎತ್ತರ ನಾಲ್ಕಕ್ಕೂ ಒಂದೇ ತಾನೆ.

ಇನ್ನೂ ದೊಡ್ಡ ಮೋಸ ಬೇರೆಯಿದೆ. ನಾಲ್ಕೂ ಸಿಲಿಂಡರುಗಳ ಸಂಪೀಡನ ಚೆನ್ನಾಗಿದೆ, ಆದರೂ ಗಾಡಿ ಎಣ್ಣೆ ತಿನ್ನುತ್ತಿದೆ. ಇದು ಹೇಗೆ? ಸಂಪೀಡನ ಪರೀಕ್ಷೆ ಮೇಲಿನ ರಿಂಗುಗಳನ್ನಷ್ಟೇ ವಿಚಾರಿಸುತ್ತದೆ, ಕೆಳಗಿನ ಆಯಿಲ್ ರಿಂಗನ್ನು ಕೇಳುವುದೇ ಇಲ್ಲ. ಅದರ ಗಂಡಿಗಳು ಮಸಿಯಿಂದ ಕಟ್ಟಿಕೊಂಡು ರಿಂಗ್ ತನ್ನ ಗಾಡಿಯಲ್ಲೇ ಅಂಟಿಹೋಗಿದ್ದರೆ ಕೆರೆದ ಎಣ್ಣೆಗೆ ಕೆಳಗಿಳಿಯಲು ದಾರಿಯಿಲ್ಲ. ಹೀಗೆ ಮೇಲೆ ಉಳಿದ ಎಣ್ಣೆಯೇ ಸಂದುಗಳನ್ನು ಮುಚ್ಚಿ ಸಂಪೀಡನದ ಅಂಕಿಯನ್ನು ಹೆಚ್ಚಿಸಿ ತೋರಿಸುತ್ತದೆ! ವರ್ಷಗಟ್ಟಲೆ ನಿಂತ ಕಾರುಗಳಲ್ಲಿ, ಎಣ್ಣೆ ಬದಲಿಸದೆ ಓಡಿಸಿದವುಗಳಲ್ಲಿ ಇದು ಸಾಮಾನ್ಯ. ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ರಿಂಗು ಅಂಟುವ ತೊಂದರೆಯನ್ನು ನೀಗಲೆಂದೇ 1930ರ ದಶಕದಲ್ಲಿ ಅಮೆರಿಕದಲ್ಲಿ ಮಸಿಯನ್ನು ತೊಳೆಯುವ ರಾಸಾಯನಿಕ ಬೆರೆಸಿದ ಕೀಲೆಣ್ಣೆಗಳು ಬಂದವು. ಇಂಥ ಎಂಜಿನ್ನಿಗೆ ಬೇಕಾದದ್ದು ಪಿಸ್ಟನ್ ತೆಗೆದು ಸ್ವಚ್ಛಗೊಳಿಸಿ ಹೊಸ ರಿಂಗ್ ಹಾಕುವುದು, ಕೊರೆಯುವುದಲ್ಲ.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇನ್ನೊಂದು ಒಳ್ಳೆಯ ಉಪಕರಣ. ಪಿಸ್ಟನ್ ಮೇಲಿದ್ದು ಎರಡೂ ಕವಾಟ ಮುಚ್ಚಿರುವಾಗ ಪ್ಲಗ್ಗಿನ ರಂಧ್ರದಿಂದ ಗಾಳಿ ತುಂಬಿ ಕಿವಿಗೊಡಬೇಕು. ಕಾರ್ಬುರೇಟರಿನಲ್ಲಿ ಬುಸುಗುಟ್ಟಿದರೆ ಒಳಬರುವ ಕವಾಟ, ಸೈಲೆನ್ಸರಿನಲ್ಲಾದರೆ ಹೊರಹೋಗುವ ಕವಾಟ, ಎಣ್ಣೆ ಹಾಕುವ ಬಾಯಿಯಲ್ಲಾದರೆ ರಿಂಗು. ರೇಡಿಯೇಟರಿನ ನೀರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್. ಗಾಡಿಯನ್ನು ಗೇರಿನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಇಲ್ಲವಾದರೆ ಗಾಳಿಯ ಒತ್ತಡಕ್ಕೆ ಎಂಜಿನ್ ತಿರುಗಿಬಿಡುತ್ತದೆ.

ಉರಿಯದೆ ಹೋದ ಎಣ್ಣೆ

ಹೋದ ಎಣ್ಣೆಯೆಲ್ಲ ಉರಿದಿರಬೇಕೆಂದಿಲ್ಲ. ಲೀಟರಿನಲ್ಲಿ ಸುಮಾರು 20,000 ಹನಿ. 50 ಮೀಟರಿಗೆ ಒಂದೇ ಹನಿ ಸೋರಿದರೂ ಸಾವಿರ ಕಿ.ಮೀ.ಗೆ ಒಂದು ಲೀಟರ್ ಖಾಲಿ. ಆ ಕಾಲದ ಬ್ರಿಟಿಷ್ ವಿನ್ಯಾಸದ ಅಂಬಾಸಿಡರ್ ಎಂಜಿನ್ನಿನ ಹಿಂಬದಿಯಲ್ಲಿ ರಬ್ಬರ್ ಸೀಲ್ ಇರಲಿಲ್ಲ. ತಿರುಗುವ ದಂಡದ ಮೇಲೆ ಕೊರೆದ ಸುರುಳಿ ಎಣ್ಣೆಯನ್ನು ಒಳಕ್ಕೆ ತಿರುಗಿಸಿ ಕಳಿಸಬೇಕು. ಎಂಜಿನ್ನಿನ ಒಳಗಿನ ಅನಿಲವನ್ನು ಹೊರಬಿಡುವ ಉಸಿರುಕೊಳವೆ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಆ ಸುರುಳಿಯನ್ನು ಸೋಲಿಸುತ್ತದೆ. ಹೊಸ ರಿಂಗ್ ಹಾಕಿಸಿದರೂ ಸೋರಿಕೆ ನಿಲ್ಲಲಿಲ್ಲವೆಂದು ಗೋಳಾಡುವ ಮೊದಲು ಈ ಕೊಳವೆಯನ್ನು ಸ್ವಚ್ಛ ಮಾಡಬೇಕು. ಖರ್ಚು, ಒಂದಿಷ್ಟು ಸೀಮೆಎಣ್ಣೆ.

ಡಿಪ್‌ಸ್ಟಿಕ್ ಕೂಡ ಸುಳ್ಳು ಹೇಳಬಲ್ಲದು. ಪೆಟ್ರೋಲ್ ಪಂಪಿನ ಪೊರೆ ಹರಿದಿದ್ದರೆ ಪೆಟ್ರೋಲು ಎಂಜಿನ್ನಿನ ಎಣ್ಣೆಗೆ ಸೇರುತ್ತದೆ. ಊರೊಳಗಿನ ಸಣ್ಣ ಓಡಾಟದಲ್ಲಿ ಎಣ್ಣೆ ಎಷ್ಟು ಖರ್ಚಾಯಿತೋ ಅಷ್ಟು ಪೆಟ್ರೋಲು ತುಂಬಿ ಮಟ್ಟ ಹಾಗೇ ಇರುತ್ತದೆ, ಮಾಲೀಕನಿಗೆ ಸಂತೋಷ. ಒಂದು ದಿನ ಹುಬ್ಬಳ್ಳಿಯಿಂದ ದೂರದ ಪ್ರಯಾಣ ಹೊರಟಾಗ ಎಂಜಿನ್ ಪೂರ್ತಿ ಕಾದು ಪೆಟ್ರೋಲೆಲ್ಲ ಆವಿಯಾಗಿ, ಮಟ್ಟ ಒಮ್ಮೆಲೇ ಇಳಿಯುತ್ತದೆ. "ಒಂದೇ ದಿನಕ್ಕೆ ಒಂದು ಲೀಟರ್ ಕುಡೀತ್ರಿ!" ಡಿಪ್‌ಸ್ಟಿಕ್ಕನ್ನು ಮೂಸಿ ನೋಡುವುದು ಹಳೆಯ ಮಿಸ್ತ್ರಿಗಳ ಅಭ್ಯಾಸ. ಅದನ್ನು ಕಂಡು ನಗುವವರಿಗೆ ಇದರ ಅರ್ಥ ಗೊತ್ತಿರುವುದಿಲ್ಲ.

ದಪ್ಪ ಎಣ್ಣೆ ಹಾಕಿದರೆ ಸರಿಹೋಗುತ್ತದೆಂಬ ಸಲಹೆಯೂ ಉಂಟು. ಕೀಲೆಣ್ಣೆಗಳನ್ನು ಸ್ನಿಗ್ಧತೆಯ ಪ್ರಕಾರ ವಿಂಗಡಿಸುವ ಎಸ್‌ಎಇ ಪದ್ಧತಿ 1911ರಲ್ಲಿ ಬಂದಾಗಿನಿಂದ ಈ ಉಪಾಯವೂ ನಡೆದುಬಂದಿದೆ. ಸೋರುವ ವೇಗ ಕಡಿಮೆಯಾಗುವುದು ಹೌದು. ರೋಗ ಮಾತ್ರ ಅಲ್ಲೇ ಇರುತ್ತದೆ.

ಕೊರೆಯುವ ಮೊದಲು

ರಿಬೋರಿಗೆ ಒದಗುವ ಪಿಸ್ಟನ್ನುಗಳು ಸಾಮಾನ್ಯವಾಗಿ ಅಂಗುಲದ ಸಾವಿರದಲ್ಲಿ 10, 20, 30, 40 ಭಾಗಗಳಷ್ಟು ದೊಡ್ಡವು. 40 ಎಂದರೆ ಸುಮಾರು ಒಂದು ಮಿ.ಮೀ. ಅಲ್ಲಿಗೆ ಗಂಟು ಖಾಲಿ; ಆಮೇಲೆ ಸ್ಲೀವ್ ಕೂರಿಸಬೇಕು. ಹಿಂದೆ ಈ ಹಂತ ಮುಟ್ಟಿದ ಅಂಬಾಸಿಡರ್ ಮತ್ತು ಜೀಪುಗಳಿಗೆ ಎಂಜಿನ್ನನ್ನೇ ಕಿತ್ತು ಡೀಸೆಲ್ ಎಂಜಿನ್ ಹಾಕಿಸುತ್ತಿದ್ದರು. ಟ್ಯಾಕ್ಸಿ ಓಡಿಸುವವನಿಗೆ ಅದು ನ್ಯಾಯವೇ ಆಗಿತ್ತು. ಆದರೆ 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಕಾರು ವಿಂಟೇಜ್ ವಾಹನವಾಗಿ 'ವಿಎ' ಅಕ್ಷರಗಳ ನೋಂದಣಿ ಪಡೆಯಬಹುದು. ಷರತ್ತು ಇದು: ಅದು ಮೂಲರೂಪದಲ್ಲೇ ಇರಬೇಕು, ಚಾಸಿ, ಕವಚ, ಎಂಜಿನ್ನುಗಳನ್ನು ಮಾರ್ಪಡಿಸಿರಬಾರದು. 1960ರ ದಶಕದ ಅಂಬಾಸಿಡರ್ ಮತ್ತು ಫಿಯಟ್ಟುಗಳೆಲ್ಲ ಈಗ ಈ ವಯಸ್ಸು ದಾಟಿವೆ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವನ್ನು ನೋಡಿದವರಿಗೆ ಮೂಲ ಎಂಜಿನ್ನಿನ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಹಾಗಾಗಿ ಗ್ಯಾರೇಜಿಗೆ ಹೋಗುವ ಮೊದಲು ಸಾವಿರ ಕಿ.ಮೀ.ಗಳ ಒಂದು ಲೆಕ್ಕ ಬರೆದಿಡಿ. ಒಂದೇ ಸಮತಟ್ಟು ಜಾಗದಲ್ಲಿ, ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಮಟ್ಟ ನೋಡಿ. ಎಷ್ಟು ಮಿಲಿಲೀಟರ್ ಹಾಕಿದಿರೆಂದು ಅಳೆದು ಹಾಕಿ. ಓಡಿದ ಕಿ.ಮೀ., ಓಡಿದ ದಾರಿ, ಹೊಗೆ ಕಂಡದ್ದು ಏರಿನಲ್ಲೋ ಇಳಿಜಾರಿನಲ್ಲೋ ಬೆಳಿಗ್ಗೆಯೋ, ಶೋಧಕದ ತೊಟ್ಟಿ ತೊಳೆದ ದಿನ, ಡಿಪ್‌ಸ್ಟಿಕ್ಕಿನ ವಾಸನೆ ಇಷ್ಟು ಇರಲಿ. ನವಲಗುಂದದ ದಾರಿಯ 500 ಕಿ.ಮೀ., ಕಲಘಟಗಿಯ ದಾರಿಯ 500 ಕಿ.ಮೀ. ಬೇರೆ ಬೇರೆ ಪುಟದಲ್ಲಿದ್ದರೆ ಇನ್ನೂ ಒಳ್ಳೆಯದು.